ಎದೆಯ ಮೇಲೆ ಹೂವಿಲ್ಲದ ಸಮವಸ್ತ್ರ

ಪ್ರವೇಶ ಸಮಾರಂಭದ ದಿನ. ತತ್ಸುಯಾ ಸಭಾಂಗಣಕ್ಕೆ ಬರುವ ಹೊತ್ತಿಗೆ ಅರ್ಧಕ್ಕರ್ಧ ಸೀಟು ತುಂಬಿವೆ. ಮುಂದಿನ ಸಾಲುಗಳಲ್ಲಿ ಎದೆಯ ಮೇಲೆ ಎಂಟು ದಳದ ಹೂವಿನ ಲಾಂಛನ ಇರುವವರು, ಹಿಂದಿನ ಸಾಲುಗಳಲ್ಲಿ ಅದು ಇಲ್ಲದವರು. ಹೀಗೇ ಕೂರಬೇಕು ಅಂತ ಯಾರೂ ಹೇಳಿಲ್ಲ, ನಿಯಮವೂ ಇಲ್ಲ. ಶಾಲೆಗೆ ಕಾಲಿಟ್ಟ ಮೊದಲ ದಿನವೇ ಮಕ್ಕಳು ತಮ್ಮ ತಮ್ಮ ಜಾಗ ತಾವೇ ಹಿಡಿದಿದ್ದಾರೆ. ತಾರತಮ್ಯದ ಪ್ರಜ್ಞೆ ಎಲ್ಲರಿಗಿಂತ ಹೆಚ್ಚು ಇರುವುದು ಅದನ್ನು ಅನುಭವಿಸುವವರಲ್ಲೇ ಎಂದುಕೊಂಡು ಅವನೂ ಹಿಂದಿನ ಸಾಲಿಗೇ ಹೋಗಿ ಕೂರುತ್ತಾನೆ.

2014ರಲ್ಲಿ ಬಂದ ‘ದಿ ಇರ್ರೆಗ್ಯುಲರ್ ಅಟ್ ಮ್ಯಾಜಿಕ್ ಹೈಸ್ಕೂಲ್’ ಎಂಬ ಅನಿಮೆ, ಅಂದರೆ ಜಪಾನಿ ಆನಿಮೇಷನ್ ಸರಣಿಯ ಮೊದಲ ಎಪಿಸೋಡಿನ ಈ ದೃಶ್ಯ ಕೆಲವೇ ಕ್ಷಣಗಳದ್ದು. ಮೊದಲ ಸಲ ನೋಡುವಾಗ ಕಣ್ತಪ್ಪಿ ಹೋಗುತ್ತದೆ. ಎರಡನೇ ಸಲ ಇಲ್ಲಿ ಒಂದು ಗಳಿಗೆ ನಿಲ್ಲಿಸಿ ನೋಡಬೇಕು. ಮಾಯಾಶಾಲೆಯ ಅನಿಮೆಗಳಲ್ಲಿ ಮೇಲು-ಕೀಳು ಹೇಗೆ ಹುಟ್ಟುತ್ತದೆ ಎಂಬುದನ್ನು ಇಷ್ಟು ಕರಾರುವಾಕ್ಕಾಗಿ ತೋರಿಸಿದ್ದು ಕಡಿಮೆ.

ಕಥೆಯ ಕಾಲ 2095. ಜಪಾನಿನಲ್ಲಿ ಮ್ಯಾಜಿಕ್ ಕಲಿಸುವ ಹೈಸ್ಕೂಲುಗಳು ಒಂಬತ್ತು. ಹಾಚಿಯೋಜಿಯಲ್ಲಿರುವ ಮೊದಲನೆಯದರಲ್ಲಿ ವರ್ಷಕ್ಕೆ 200 ಸೀಟು: ಕೋರ್ಸ್ ಒಂದಕ್ಕೆ 100, ಕೋರ್ಸ್ ಎರಡಕ್ಕೆ 100. ಪಾಠದ ವಿಷಯಗಳು ಎರಡರಲ್ಲೂ ಒಂದೇ. ಆದರೆ ಪ್ರಾಯೋಗಿಕ ತರಗತಿಯಲ್ಲಿ ಪಕ್ಕದಲ್ಲಿ ನಿಂತು ತಿದ್ದಿ ಹೇಳಿಕೊಡುವ ಶಿಕ್ಷಕರು ಸಿಗುವುದು ಮೊದಲ ನೂರು ಮಂದಿಗೆ ಮಾತ್ರ, ಏಕೆಂದರೆ ಕಲಿಸಬಲ್ಲವರೇ ಸಾಕಷ್ಟಿಲ್ಲ. ಉಳಿದವರು ಪರದೆ ನೋಡಿ ತಾವೇ ಕಲಿಯಬೇಕು. ಮೇಲಿನ ಕೋರ್ಸಿನವರು ಯಾರಾದರೂ ಅಪಘಾತಕ್ಕೆ ಸಿಕ್ಕಿ ಬಿಟ್ಟುಹೋದರೆ ಆ ಜಾಗ ತುಂಬಲು ಇರುವವರು ಅವರು. ಮೂಲದಲ್ಲಿ ಇದು ಬರೀ ಶಿಕ್ಷಕರ ಕೊರತೆ. ಅದಕ್ಕೆ ಸಮವಸ್ತ್ರದ ಗುರುತು ಅಂಟಿಕೊಂಡಿದ್ದೇ ತಡ, ಹೂವಿದ್ದವರು ‘ಬ್ಲೂಮ್’, ಇಲ್ಲದವರು ‘ವೀಡ್’, ಅಂದರೆ ಕಳೆ. ಈ ಪದಗಳನ್ನು ಆಡಬಾರದೆಂದು ಶಾಲೆಯೇ ನಿಷೇಧಿಸಿದೆ. ಆದರೂ ಕಾರಿಡಾರಿನಲ್ಲಿ ಅವು ಧಾರಾಳವಾಗಿ ಕೇಳಿಸುತ್ತವೆ.

ಇನ್ನು ಅಳತೆಗೋಲು. ಲಿಖಿತ ಪರೀಕ್ಷೆಯ ಏಳು ವಿಷಯಗಳಲ್ಲಿ ತತ್ಸುಯಾನ ಸರಾಸರಿ ನೂರಕ್ಕೆ 96. ಮ್ಯಾಜಿಕ್ ಥಿಯರಿ, ಮ್ಯಾಜಿಕ್ ಎಂಜಿನಿಯರಿಂಗ್ ಎರಡರಲ್ಲೂ ಪೂರ್ತಿ ಅಂಕ. ಆದರೆ ಕೋರ್ಸ್ ನಿರ್ಧಾರವಾಗುವುದು ಪ್ರಾಯೋಗಿಕ ಪರೀಕ್ಷೆಯಲ್ಲಿ. ಅಲ್ಲಿ ನೋಡುವುದು ಮೂರನ್ನು: ಮಂತ್ರ ಎಷ್ಟು ಬೇಗ ಜಾರಿಯಾಗುತ್ತದೆ, ಎಷ್ಟು ದೊಡ್ಡದನ್ನು ನಿಭಾಯಿಸುತ್ತಾರೆ, ವಸ್ತುವಿನ ಮೇಲೆ ಅದರ ಹಿಡಿತ ಎಷ್ಟು ಗಟ್ಟಿ. ಯಂತ್ರ ಬಿಚ್ಚಿ ಸರಿಮಾಡುವ ಕೈ, ಎದುರಾಳಿಯ ಮಂತ್ರವನ್ನು ನೋಡಿದೊಡನೆ ಓದುವ ಕಣ್ಣು ಈ ಪಟ್ಟಿಯಲ್ಲೇ ಇಲ್ಲ. ತಂಗಿ ಮಿಯುಕಿ ಅದೇ ಪರೀಕ್ಷೆಯಲ್ಲಿ ಮೊದಲಿಗಳಾಗಿ ವೇದಿಕೆ ಏರುತ್ತಾಳೆ. ಅಣ್ಣ ಹಿಂದಿನ ಸಾಲಿನಿಂದ ಕೇಳುತ್ತಾನೆ.

ಏಣಿಯ ಇನ್ನೊಂದು ಮೆಟ್ಟಿಲು ಸುಲಭಕ್ಕೆ ಕಾಣುವುದಿಲ್ಲ. ಮಂತ್ರ ಪ್ರಯೋಗಿಸಲು ಬೇಕಾದ ಉಪಕರಣ ಸಿಎಡಿ. ಅದನ್ನು ಬೆಳಗ್ಗೆ ಆಫೀಸಿಗೆ ಒಪ್ಪಿಸಿ ಸಂಜೆ ವಾಪಸ್ ಪಡೆಯಬೇಕು. ಶಾಲೆಯೊಳಗೆ ಇಟ್ಟುಕೊಂಡು ಓಡಾಡುವ ಅನುಮತಿ ವಿದ್ಯಾರ್ಥಿ ಪರಿಷತ್ತಿನವರಿಗೆ, ಶಿಸ್ತು ಸಮಿತಿಯವರಿಗೆ. ಪರಿಷತ್ತಿನ ಹುದ್ದೆಗೆ ಕೋರ್ಸ್ ಒಂದರವರನ್ನೇ ನೇಮಿಸಬೇಕೆಂದು ನಿಯಮವೇ ಇದೆ. ಶಿಸ್ತು ಸಮಿತಿಗೆ ಆ ನಿಯಮವಿಲ್ಲ. ಆದರೂ ತತ್ಸುಯಾನನ್ನು ಅಲ್ಲಿಗೆ ತೆಗೆದುಕೊಳ್ಳುವ ಮಾತು ಬಂದಾಗ ಪರಿಷತ್ತಿನ ಉಪಾಧ್ಯಕ್ಷ ಹತ್ತೋರಿ ಖಡಾಖಂಡಿತವಾಗಿ ವಿರೋಧಿಸುತ್ತಾನೆ. ದ್ವಂದ್ವ ನಡೆಯುತ್ತದೆ, ಕಣ್ಣುಮಿಟುಕಿಸುವಷ್ಟರಲ್ಲಿ ಹತ್ತೋರಿ ನೆಲಕ್ಕೆ ಬಿದ್ದಿರುತ್ತಾನೆ.

ನೋಡಲು ರೋಮಾಂಚನ, ನಿಜ. ಆದರೆ ನನ್ನ ತಕರಾರೂ ಇಲ್ಲಿಂದಲೇ ಶುರು. ಗೆದ್ದದ್ದು ತತ್ಸುಯಾ ಒಬ್ಬ. ಉಳಿದ ತೊಂಬತ್ತೊಂಬತ್ತು ಮಂದಿಗೆ ಶಿಕ್ಷಕರು ಸಿಕ್ಕಲಿಲ್ಲ. ಕೋರ್ಸ್ ಎರಡರ ಮಿಬು ಸಾಯಾಕಾ, ಕೆಂಡೋ ಎಂಬ ಜಪಾನಿ ಕತ್ತಿವರಸೆಯ ಹುಡುಗಿ, ಹೊಟ್ಟೆಯೊಳಗಿನ ಸಂಕಟ ತೋಡಿಕೊಳ್ಳಲು ಜಾಗ ಹುಡುಕಿದಾಗ ಅವಳ ಕೈಹಿಡಿದದ್ದು ಭಯೋತ್ಪಾದಕರ ಜಾಲ. ಅವಳ ದೂರಿನಲ್ಲಿ ಹುರುಳಿತ್ತು. ಕಥೆ ಜಾಲವನ್ನು ಮುರಿಯಲು ಕೊಡುವಷ್ಟು ಸಮಯವನ್ನು ಆ ದೂರಿಗೆ ಕೊಡುವುದಿಲ್ಲ. ವಿದ್ಯಾರ್ಥಿ ಪರಿಷತ್ತಿನ ಅಧ್ಯಕ್ಷೆ ಮಾಯುಮಿ ಮಾತ್ರ ತುಂಬಿದ ಸಭೆಯಲ್ಲಿ ನಿಂತು, ಪರಿಷತ್ತಿನ ಆ ನಿಯಮವನ್ನು ತೆಗೆದುಹಾಕುವುದೇ ತನ್ನ ಕೊನೆಯ ಕೆಲಸ ಎಂದು ಮಾತು ಕೊಡುತ್ತಾಳೆ. ಇಡೀ ಸರಣಿಯಲ್ಲಿ ನನಗೆ ಹೆಚ್ಚು ಹಿಡಿಸಿದ ಮಾತು ಅದು.

ಎರಡನೇ ವರ್ಷಕ್ಕೆ ಶಾಲೆ ಮ್ಯಾಜಿಕ್ ಎಂಜಿನಿಯರಿಂಗ್ ಎಂಬ ಹೊಸ ಕೋರ್ಸನ್ನೇ ತೆರೆಯುತ್ತದೆ. ತತ್ಸುಯಾ ಅಲ್ಲಿಗೆ ಸೇರುತ್ತಾನೆ, ಅವನ ಸಮವಸ್ತ್ರದ ಮೇಲೆ ಹಲ್ಲುಚಕ್ರದ ಲಾಂಛನ ಬರುತ್ತದೆ. ಕೋರ್ಸ್ ಎರಡರವರ ಎದೆ ಮೊದಲಿನಂತೆಯೇ ಖಾಲಿ.