ಬಿಸಿಜಿ, ಈ ವಯಸ್ಸಲ್ಲಿ!
ಚಿಕ್ಕಪ್ಪನ ಔಷಧಿ ಚೀಟಿ ನೋಡಿ ಇವತ್ತು ಬೆರಗಾಯ್ತು. ಮೂತ್ರಕೋಶದ ಕ್ಯಾನ್ಸರಿಗೆ ಬಿಸಿಜಿ ಬರೆದಿದ್ದಾರೆ. ಅದೇ ರೀ, ಹುಟ್ಟಿದ ಮಗುವಿಗೆ ಟಿಬಿ ಬರದಿರಲಿ ಅಂತ ಎಡತೋಳಿಗೆ ಚುಚ್ಚುತ್ತಾರಲ್ಲ, ಅದು.

ಇಲ್ಲಿ ಚುಚ್ಚುವುದಿಲ್ಲ. ಗಡ್ಡೆ ಕೆರೆದು ತೆಗೆದು, ಗಾಯ ಮಾಗಿದ ಮೇಲೆ, ಸಣ್ಣ ನಳಿಕೆಯಲ್ಲಿ ನೇರ ಮೂತ್ರಕೋಶಕ್ಕೇ ಬಿಡುತ್ತಾರೆ. ಆಮೇಲೆ ಸುಮಾರು 2 ಗಂಟೆ ತಡೆದುಕೊಳ್ಳಬೇಕು. ವಾರಕ್ಕೊಮ್ಮೆ, 6 ವಾರ. ಚಿಕ್ಕಪ್ಪನಿಗೆ ಕ್ಯಾನ್ಸರಿಗಿಂತ ಆ 2 ಗಂಟೆಯದೇ ಜಾಸ್ತಿ ಚಿಂತೆ!

ಔಷಧಿ ಅಂದ್ರೆ ಶಕ್ತಿ ಕುಂದಿಸಿದ ಜೀವಂತ ಬ್ಯಾಕ್ಟೀರಿಯಾ. ಅದು ಒಳಗೆ ಹೋದ ಕೂಡಲೇ ರೋಗನಿರೋಧಕ ಕೋಶಗಳು ಎದ್ದು ಓಡಿಬರುತ್ತವೆ. ಬಂದವು ಅಲ್ಲೇ ಉಳಿದಿರುವ ಕ್ಯಾನ್ಸರ್ ಕೋಶಗಳನ್ನೂ ಹೊಡೆಯುತ್ತವೆ. ಮೂತ್ರ ಉರಿಯುವುದು, ಸಣ್ಣ ಜ್ವರ ಎಲ್ಲಾ ಆ ಗಲಾಟೆಯ ಪರಿಣಾಮವೇ. 1976ರಲ್ಲೇ ಕೆನಡಾದ ವೈದ್ಯ ಅಲ್ವಾರೊ ಮೊರಾಲೆಸ್ ಈ ಚಿಕಿತ್ಸೆಯನ್ನು ವರದಿ ಮಾಡಿದ್ದರು.

ಹಾಗಾದ್ರೆ ಈ ರೋಗನಿರೋಧಕ ಕೋಶಗಳು ಮೊದಲು ಸುಮ್ನೆ ಯಾಕಿದ್ದವು ಅಂತ ಚಿಕ್ಕಮ್ಮನ ಪ್ರಶ್ನೆ. ನ್ಯಾಯವೇ ಅಲ್ವಾ? ಕ್ಯಾನ್ಸರ್ ಹುಟ್ಟುವುದು ನಮ್ಮದೇ ಕೋಶದಿಂದ, ಪರಕೀಯ ಅಂತ ಗುರುತಿಸುವುದು ಕಷ್ಟ. ಕೆಲವು ಗಡ್ಡೆಗಳಂತೂ ಹೊಡೆಯಲು ಬಂದ ಬಿಳಿ ರಕ್ತಕಣಗಳನ್ನೇ ಪುಸಲಾಯಿಸಿ, ಅವುಗಳ ಕೈಯಲ್ಲೇ ತಮಗೆ ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತವೆ. ಎಂಥಾ ಖದೀಮ ಬುದ್ಧಿ ನೋಡಿ.