ಫಾರಂ ಮೇಲಿದ್ದ ಟೋಕನ್ ಸಂಖ್ಯೆ

ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ಮಾನವ ಸಂಪನ್ಮೂಲ ವಿಭಾಗ ಸೇರಿ ನನಗೆ ಹದಿಮೂರು ವರ್ಷವಾಯಿತು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಕಾರ್ಮಿಕರ ಸಮೀಕ್ಷೆ ನಡೆಸುತ್ತೇವೆ. ನೌಕರರು ಕೆಲಸದಲ್ಲಿ ಎಷ್ಟು ಮನಸ್ಸಿಟ್ಟಿದ್ದಾರೆ ಎಂದು ಅಳೆಯಲು ಗ್ಯಾಲಪ್ ಎಂಬ ಸಮೀಕ್ಷಾ ಸಂಸ್ಥೆ ರೂಪಿಸಿದ ಹನ್ನೆರಡು ಪ್ರಶ್ನೆಗಳು ಈ ವೃತ್ತಿಯಲ್ಲಿರುವವರಿಗೆಲ್ಲ ಬಾಯಿಪಾಠ. ಅದೇ ಧಾಟಿಯಲ್ಲಿ ನಮ್ಮದೂ ಒಂದು ಫಾರಂ ಇತ್ತು. ಅದನ್ನು ಕನ್ನಡದಲ್ಲಿ ಸಿದ್ಧಪಡಿಸಿದ್ದು ನಾನೇ.

ಕೆಲಸ ಸರಿಯಾಗಿ ಮಾಡಲು ಬೇಕಾದ ಸಲಕರಣೆಗಳು ನಿಮಗೆ ಸಿಗುತ್ತಿವೆಯೇ ಎಂಬ ಪ್ರಶ್ನೆಗೆ ಒಂದು ವರ್ಷ ಲೇಥ್, ಅಂದರೆ ಲೋಹ ಕಡೆಯುವ ಯಂತ್ರಗಳ, ವಿಭಾಗದವರೆಲ್ಲ ಐದಕ್ಕೆ ಐದು ಅಂಕ ಕೊಟ್ಟಿದ್ದರು. ಅದೇ ವಾರ ಹಾಜರಿ ತಾಳೆ ನೋಡಲು ಎರಡನೇ ಪಾಳಿಯ ಹೊತ್ತಿಗೆ ಶಾಪ್‌ಗೆ ಇಳಿದೆ. ಹಿರಿಯ ಆಪರೇಟರ್ ಒಬ್ಬರು ಯಂತ್ರ ನಿಲ್ಲಿಸಿ, ಕಾಟನ್ ವೇಸ್ಟ್‌ನಲ್ಲಿ ಕೈ ಒರೆಸಿಕೊಂಡು, ಮೂರು ಲೇಥ್ ದಾಟಿ, ಕಡೆದ ಭಾಗದ ಅಳತೆ ನೋಡುವ ವರ್ನಿಯರ್ ತರಲು ಹೋದರು. ಅದು ಬೇರೊಬ್ಬರ ಕೈಯಲ್ಲಿತ್ತು. ಕಾದು ನಿಂತು ತಂದರು. ತಂದ ಮೇಲೆ ಅದನ್ನು ಪೂರ್ತಿ ಮುಚ್ಚಿ, ಟ್ಯೂಬ್‌ಲೈಟಿಗೆ ಹಿಡಿದು ನನಗೆ ತೋರಿಸಿದರು. ಎರಡು ದವಡೆಗಳ ನಡುವೆ ಕೂದಲೆಳೆಯಷ್ಟು ಬೆಳಕು ತೂರಿ ಬರುತ್ತಿತ್ತು. ಅಷ್ಟು ಸವೆದಿತ್ತು.

"ಮತ್ತೆ ಫಾರಂನಲ್ಲಿ ಐದು ಅಂಕ ಕೊಟ್ಟಿದ್ದೀರಲ್ಲ?" ಎಂದು ಕೇಳಿದೆ.

"ಮೇಲ್ಗಡೆ ಟೋಕನ್ ಸಂಖ್ಯೆ ಬರೆಯಬೇಕಿತ್ತಲ್ಲ, ಮೇಡಂ" ಎಂದರು.

ಕಾರ್ಖಾನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಟೋಕನ್ ಸಂಖ್ಯೆ; ಅದನ್ನು ನೋಡಿದರೆ ಫಾರಂ ಯಾರದೆಂದು ಗೊತ್ತಾಗುತ್ತದೆ. ವಿಭಾಗವಾರು ಲೆಕ್ಕ ಸುಲಭವಾಗಲಿ ಎಂದು ನಾನು ಹಾಕಿಸಿದ್ದ ಕಾಲಂ ಅದು. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಕೆಲಸದಲ್ಲಿ ತೊಡಗಿಕೊಳ್ಳುವಿಕೆಯ ಬಗ್ಗೆ 1990ರಲ್ಲಿ ವಿಲಿಯಂ ಕಾನ್ ಎಂಬ ಅಮೆರಿಕದ ವಿದ್ವಾಂಸರು ಬರೆದ ಪ್ರಬಂಧವನ್ನು ನನ್ನ ಓದಿನ ದಿನಗಳಲ್ಲಿ ಪರೀಕ್ಷೆಗೆಂದು ಉರು ಹೊಡೆದಿದ್ದೆ. ಬೇಸಿಗೆ ಶಿಬಿರವೊಂದರ ಸಿಬ್ಬಂದಿಯನ್ನೂ ವಾಸ್ತುಶಿಲ್ಪ ಕಂಪನಿಯೊಂದರ ನೌಕರರನ್ನೂ ನೋಡಿ ಅವರು ಮೂರು ಮಾತು ಹೇಳಿದ್ದರು. ಮಾಡುವ ಕೆಲಸಕ್ಕೆ ಅರ್ಥವಿದೆ ಎನ್ನಿಸಬೇಕು, ಇದ್ದದ್ದನ್ನು ಇದ್ದಂತೆ ಹೇಳಿದರೆ ಕೇಡಾಗದು ಎಂಬ ಧೈರ್ಯವಿರಬೇಕು, ಮೈಮನಸ್ಸಿನಲ್ಲಿ ತ್ರಾಣ ಉಳಿದಿರಬೇಕು. ಎರಡನೆಯದು ನನಗೆ ಅರ್ಥವಾದದ್ದು ಆ ಲೇಥ್ ಪಕ್ಕದಲ್ಲಿ ನಿಂತಾಗ.

ಟೋಕನ್ ಕಾಲಂ ತೆಗೆಸಿದೆ. ಪ್ರತಿ ಮಂಗಳವಾರ ಪಾಳಿ ಬದಲಾಗುವ ಹೊತ್ತಿಗೆ, ಮಧ್ಯಾಹ್ನ ಎರಡಕ್ಕೆ, ಕ್ಯಾಂಟೀನಿನಲ್ಲಿ ಕೂರತೊಡಗಿದೆ. ಕೇಳಿದ್ದನ್ನು ಹೆಸರಿಲ್ಲದೆ ಬರೆದುಕೊಂಡು, ವಾರದೊಳಗೆ ಸೂಚನಾ ಫಲಕದಲ್ಲಿ ಉತ್ತರ ಹಾಕುತ್ತಿದ್ದೆ. ಮೊದಲು ವರ್ನಿಯರ್. ಖರೀದಿ ವಿಭಾಗದವರು "ಟೂಲ್ ರೂಮಿನಲ್ಲಿ ಒಂದು ಇದೆಯಲ್ಲ" ಎಂದು ಮೂಗು ಮುರಿದರು. ಸವೆದದ್ದನ್ನು ಅವರ ಮೇಜಿನ ಮೇಲೆಯೇ ಇಟ್ಟು ಬೆಳಕಿಗೆ ಹಿಡಿಯಲು ಹೇಳಿದೆ. ನಾಲ್ಕು ಹೊಸದು ಬಂದವು.

ಎಲ್ಲಕ್ಕೂ ಹೂಂ ಎನ್ನಲು ಆಗಲಿಲ್ಲ. ನೆಲಮಂಗಲದ ಕಡೆಯಿಂದ ಬರುವವರು ಆರು ಗಂಟೆಯ ಪಾಳಿಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ ಎಂದರು. ನಾಲ್ಕೂವರೆಗೆ ಎದ್ದು, ಒಲೆ ಹಚ್ಚಿ, ಮಕ್ಕಳ ಡಬ್ಬಿ ಕಟ್ಟಿಟ್ಟು ಬರುವ ಹೆಂಗಸರ ಮುಖ ನೋಡಿದರೆ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಆದರೆ ಮೂರೂ ಪಾಳಿ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಜರುಗಿಸಿದರೆ ರಾತ್ರಿ ಪಾಳಿಯವರು ಅಷ್ಟೂ ಹೊತ್ತು ಹೆಚ್ಚು ನಿಲ್ಲಬೇಕು. ಆಗುವುದಿಲ್ಲ ಎಂದು, ಕಾರಣ ಸಮೇತ, ಫಲಕದಲ್ಲಿ ಬರೆದೆ. ಜಗಳವಾಗುತ್ತದೆ ಎಂದುಕೊಂಡಿದ್ದೆ. ಮುಂದಿನ ಮಂಗಳವಾರ ನನ್ನ ಮೇಜಿನ ಸುತ್ತ ಹಿಂದಿಗಿಂತ ಹೆಚ್ಚು ಜನ ಸೇರಿದ್ದರು.

"ನಾವೆಲ್ಲ ಒಂದೇ ಕುಟುಂಬ" ಎಂದು ಗೋಡೆಗೆ ಬರೆಸುವ ಪ್ರಸ್ತಾಪ ಬಂದಾಗ ನಾನು ಒಪ್ಪಲಿಲ್ಲ. ಮನೆಯಲ್ಲಿ ಅವರಿಗೆ ಕುಟುಂಬವಿದೆ. ಇಲ್ಲಿ ಬೇಕಿರುವುದು ಸರಿಯಾದ ಸಂಬಳ, ಸರಿಯಾದ ಉಪಕರಣ, ಕೇಳಿದ್ದಕ್ಕೆ ಉತ್ತರ. ಆ ಹಣದಲ್ಲಿ ಹೆಂಗಸರ ವಿಶ್ರಾಂತಿ ಕೋಣೆಗೆ ಫ್ಯಾನ್ ಹಾಕಿಸೋಣ ಎಂದೆ. ಹಾಕಿಸಿದರು.

ಆ ವರ್ಷದ ಆಯುಧ ಪೂಜೆಗೆ ಯಂತ್ರಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ, ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿದ್ದರು. ಆ ಹಿರಿಯರ ಲೇಥ್ ಮೇಲೆ ಹೊಸ ವರ್ನಿಯರ್ ಕೂಡ ಇತ್ತು, ಪೆಟ್ಟಿಗೆಯ ಮುಚ್ಚಳಕ್ಕೆ ಅರಿಸಿನ ಕುಂಕುಮ. ಕಡ್ಲೆಪುರಿ ಕೈಗಿಡುತ್ತಾ ಅವರು, "ಮೇಡಂ, ಇದರ ಅಳತೆ ಸರಿಯಿದೆಯೇ ಎಂದು ನೋಡುವ ಕ್ಯಾಲಿಬ್ರೇಷನ್ ಜನವರಿಗೆ ಬರುತ್ತದೆ. ಈಗಲೇ ಬರೆದುಕೊಳ್ಳಿ. ನಾನು ಹೇಳಿದೆ ಎಂದೇ ಬರೆಯಿರಿ" ಎಂದರು.