ಯಾವ ಕಿಟ್ ತರಿಸಬೇಕು, ಮೇಡಂ?

ದಾವಣಗೆರೆಯಲ್ಲಿ ಭಾನುವಾರಗಳಂದು ಐದರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ನಾನೊಂದು ವಿಜ್ಞಾನ ಕಾರ್ಯಾಗಾರ ನಡೆಸುತ್ತೇನೆ. ಕೇಳುವುದಕ್ಕಿಂತ ಮಾಡಿ ನೋಡುವುದೇ ಅಲ್ಲಿ ಹೆಚ್ಚು. ಮಗುವನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಗೇಟಿನ ಬಳಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮೇಡಂ, ನೀವು ಯಾವ ಕಿಟ್ ಬಳಸುತ್ತೀರಿ? ಮನೆಯಲ್ಲೂ ಒಂದು ಇರಲಿ. ಲಿಂಕ್ ಕಳಿಸಿದರೆ ಇವತ್ತೇ ತರಿಸುತ್ತೇವೆ." ಕೇಳುವವರ ಕಾಳಜಿ ನಿಜವಾದದ್ದು, ನಕ್ಕು ತೇಲಿಸಲು ಮನಸ್ಸಾಗುವುದಿಲ್ಲ. ಸ್ಕೂಟರ್ ಆಫ್ ಮಾಡದೆ ನಿಂತವರಿಗೆ ಹೇಳಿ ಮುಗಿಸುವಂಥ ಉತ್ತರವೂ ನನ್ನ ಬಳಿ ಇಲ್ಲ. ಆದ್ದರಿಂದ ಇಲ್ಲಿ ಬರೆದಿಡುತ್ತೇನೆ.

ನಾವು ಯಾವ ಕಿಟ್ಟನ್ನೂ ಬಳಸುವುದಿಲ್ಲ. ಮನೆಗೂ ತರಿಸಬೇಡಿ ಎನ್ನುವುದು ನನ್ನ ಸಲಹೆ.

ಕಿಟ್ಟಿನ ಡಬ್ಬಿಯ ಮೇಲೆ ಕೊನೆಗೆ ಏನಾಗುತ್ತದೆ ಎನ್ನುವುದರ ಬಣ್ಣದ ಚಿತ್ರವಿರುತ್ತದೆ. ಒಳಗೆ ಅಂಕಿ ಹಾಕಿದ ಬಿಡಿಭಾಗಗಳು, ಯಾವುದನ್ನು ಯಾವುದಕ್ಕೆ ಸಿಕ್ಕಿಸಬೇಕೆಂಬ ಹಾಳೆ. ಮಗು ಊಟದ ಹೊತ್ತಿಗೆ ಜೋಡಿಸಿ ಮುಗಿಸುತ್ತದೆ, ಫ್ಯಾನ್ ತಿರುಗುತ್ತದೆ, ಅಜ್ಜನಿಗೆ ವಿಡಿಯೊ ಹೋಗುತ್ತದೆ, ಡಬ್ಬಿ ಅಟ್ಟ ಸೇರುತ್ತದೆ. ಕೇಳಬೇಕಾದ ಪ್ರಶ್ನೆಯನ್ನು ಡಬ್ಬಿ ಮಾಡಿದವರೇ ಕೇಳಿ, ಉತ್ತರವನ್ನೂ ಅವರೇ ಅಚ್ಚು ಹಾಕಿದ ಮೇಲೆ ಮಗುವಿಗೆ ಉಳಿಯುವುದು ಸ್ಕ್ರೂ ತಿರುಗಿಸುವ ಕೆಲಸ ಮಾತ್ರ. ಸಾಲದ್ದಕ್ಕೆ ಬೆಲೆ ಬೇರೆ. ದುಡ್ಡು ಕೊಟ್ಟವರು "ಹುಷಾರು, ಮುರಿಯಬೇಡ" ಎಂದು ಹೇಳದೆ ಇರುತ್ತಾರೆಯೇ?

ಬೆಲೆ ಹೆಚ್ಚಿದಷ್ಟೂ ಈ ಹುಷಾರು ಹೆಚ್ಚುತ್ತದೆ. ನೀತಿ ಆಯೋಗ 2016ರಲ್ಲಿ ಶುರು ಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳು ಬಿಚ್ಚಿ, ಜೋಡಿಸಿ, ಕೆಡಿಸಿ ಕಲಿಯಲಿ ಎಂಬುದೇ ಅದರ ಉದ್ದೇಶ, ಒಳ್ಳೆಯ ಉದ್ದೇಶ. ನಾನು ಹೋಗಿದ್ದ ಒಂದು ಶಾಲೆಯಲ್ಲಿ ತ್ರಿ-ಡಿ ಪ್ರಿಂಟರಿಗೆ ಬೆಡ್‌ಶೀಟ್ ಹೊದಿಸಿಟ್ಟಿದ್ದರು. ಮುಖ್ಯೋಪಾಧ್ಯಾಯರು ಕೆಟ್ಟವರೇನಲ್ಲ. "ಮಕ್ಕಳು ಮುಟ್ಟಿ ಹಾಳಾದರೆ ಆಡಿಟ್‌ನಲ್ಲಿ ಉತ್ತರ ಕೊಡುವವರು ಯಾರು, ಮೇಡಂ?" ಎಂದರು. ಸ್ಟಾಕ್ ರಿಜಿಸ್ಟರಿನಲ್ಲಿ ಹೆಸರು ಹತ್ತಿದ ವಸ್ತು ಮಕ್ಕಳ ಕೈಗೆ ಬರುವುದು ಕಷ್ಟ. ಅಲ್ಲಿಂದ ಬಂದ ಮೇಲೆ ನನ್ನ ಲೆಕ್ಕ ಇನ್ನಷ್ಟು ಗಟ್ಟಿಯಾಯಿತು: ಹಾಳಾದರೆ ಯಾರೂ ಬೈಯದಂಥ ಸಾಮಾನಿನಲ್ಲೇ ಕಾರ್ಯಾಗಾರ ನಡೆಯಬೇಕು.

ಅಂಥ ಸಾಮಾನಿಗೆ ನಮ್ಮ ಊರಿನಲ್ಲಿ ಬರವಿಲ್ಲ. ಮಂಡಕ್ಕಿಯನ್ನೇ ತೆಗೆದುಕೊಳ್ಳಿ. ದಾವಣಗೆರೆಯವರಿಗೆ ಮಂಡಕ್ಕಿ ಏನೆಂದು ವಿವರಿಸುವ ಧೈರ್ಯ ನನಗಿಲ್ಲ. ಸಂಜೆಯಾದರೆ ಮಿರ್ಚಿಯ ಜೊತೆಗೆ ಅದು ಬೇಕೇ ಬೇಕು, ಭಟ್ಟಿಗಳ ಹೆಸರಿನ ಬಡಾವಣೆಯೇ ಇಲ್ಲಿದೆ. ಆದರೆ ತಿನ್ನುವ ಮಕ್ಕಳಲ್ಲಿ ಅದು ಉಬ್ಬುವುದನ್ನು ಕಂಡವರು ಕಡಿಮೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕೊನೆಗೆ ಕಾದ ಮರಳಿಗೆ ಸುರಿಯುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆ ತುಂಬಿ ಬೆಳ್ಳಗಾಗುತ್ತದೆ.

ಭಟ್ಟಿಯಿಂದ ಹುರಿಯಲು ಸಿದ್ಧವಾದ ಅಕ್ಕಿಯನ್ನು ತಂದು ನಾವು ಸಣ್ಣ ಬಾಣಲೆಯಲ್ಲಿ ಮಾಡಿದೆವು. ಒಲೆಯ ಮುಂದೆ ನಿಲ್ಲುವವಳು ನಾನು ಮಾತ್ರ, ಮಕ್ಕಳು ಗೆರೆಯಾಚೆ. ಹುರಿಯುವ ಮುನ್ನ 100 ಗ್ರಾಂ ತೂಗಿಸಿ, ಹುರಿದ ಮೇಲೆ ಎಷ್ಟು ತೂಗುತ್ತದೆ ಎಂದು ಕೇಳಿದೆ. ಹೆಚ್ಚಿನವರು "ಜಾಸ್ತಿ" ಎಂದರು. ಒಂದು ಲೋಟದ ಅಕ್ಕಿ ಪಾತ್ರೆ ತುಂಬ ಆಗಿರುವಾಗ ಹಾಗೆನ್ನಿಸುವುದು ಸಹಜ. ಮರಳು ಜರಡಿ ಹಿಡಿದು ತೂಗಿದರೆ 100 ಗ್ರಾಂಗಿಂತ ಕಡಿಮೆ! ತಕ್ಕಡಿ ಕೆಟ್ಟಿದೆ ಎಂದರು, ಮತ್ತೆ ತೂಗಿದರು. ನೆಲಕ್ಕೆ ಚೆಲ್ಲಿದೆ ಎಂದರು, ಒಂದೊಂದೇ ಕಾಳು ಹೆಕ್ಕಿ ತಂದರು. ನಾನು ಬಾಯಿ ಬಿಡಲಿಲ್ಲ. ಈ ಕೆಲಸದಲ್ಲಿ ಅತಿ ಕಷ್ಟದ ಭಾಗ ಅದೇ. ಕೊನೆಗೆ ಆರನೇ ತರಗತಿಯ ಒಬ್ಬ ಹುಡುಗಿ, "ಮಿಸ್, ನೀರು ಹೋಗಿರಬೇಕು" ಎಂದಳು. ಹಾಗಾದರೆ ತೋರಿಸು ಎಂದೆ. ತಣ್ಣನೆಯ ಸ್ಟೀಲ್ ತಟ್ಟೆಯನ್ನು ಬಾಣಲೆಯ ಮೇಲೆ ಮುಚ್ಚಲು ಹೇಳಿದಳು. ಎತ್ತಿ ನೋಡಿದರೆ ತಟ್ಟೆಯ ಅಡಿ ಮಸುಕಾಗಿ, ಬೆರಳು ಎಳೆದಲ್ಲಿ ಗೆರೆ ಮೂಡಿತು.

ಕಾಳಿನೊಳಗಿನ ಅಷ್ಟಿಷ್ಟು ತೇವ ಒಮ್ಮೆಲೇ ಆವಿಯಾಗಿ, ಹೊರಬರಲು ದಾರಿ ಸಾಲದೆ, ಮೆತ್ತಗಾದ ಪಿಷ್ಟವನ್ನು ಒಳಗಿನಿಂದ ಉಬ್ಬಿಸುತ್ತದೆ ಎಂಬ ವಿವರಣೆ ಆಮೇಲೆ ಬಂತು. ಮರಳೇ ಯಾಕೆ? ಕಾಳಿನ ಸುತ್ತಲೂ ಒಂದೇ ಸಮ ಬಿಸಿ ತಾಗಿಸಲು. ದೋಸೆ ಅಕ್ಕಿ ಯಾಕೆ ಹೀಗೆ ಉಬ್ಬುವುದಿಲ್ಲ, ಎಪಿಎಂಸಿಗೆ ರಾಶಿ ರಾಶಿ ಬರುವ ನಮ್ಮ ಮೆಕ್ಕೆಜೋಳ ಯಾಕೆ ಪಾಪ್‌ಕಾರ್ನ್ ಆಗುವುದಿಲ್ಲ ಎಂಬ ಪ್ರಶ್ನೆಗಳು ಹಿಂದೆಯೇ ಬಂದವು. ಪಾಪ್‌ಕಾರ್ನ್ ತಳಿಯ ಕಾಳಿಗೆ ಗಟ್ಟಿ ಸಿಪ್ಪೆ. ಸುಮಾರು 180 ಡಿಗ್ರಿ ಸೆಲ್ಸಿಯಸ್‌ವರೆಗೆ ಅದು ಒಳಗಿನ ಆವಿಯನ್ನು ತಡೆದು ಹಿಡಿದು ಆಮೇಲೆ ಸಿಡಿಯುತ್ತದೆ. ಸಿಪ್ಪೆಗೆ ಸೂಜಿಯಿಂದ ತೂತು ಮಾಡಿದರೆ ಏನಾದೀತು ಎಂದು ಕೇಳಿದ ಹುಡುಗನಿಗೆ ಸೂಜಿ ಕೊಟ್ಟು ಕಳಿಸಿದೆ. ಇದಕ್ಕೆ ಯಾವ ಡಬ್ಬಿಯ ಲಿಂಕ್ ಕಳಿಸಲಿ?

ನೆರಳಿನದೂ ಹಾಗೆಯೇ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂದು ನಾವೆಲ್ಲ ಹೇಳುತ್ತಲೇ ಇರುತ್ತೇವೆ. ದಾವಣಗೆರೆಯಲ್ಲಿ ಅವನು ನಿಜವಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯಭಾಗ. ಆಗಸ್ಟಿನಲ್ಲಿ ಮೋಡ ಕೈ ಕೊಡುತ್ತದೆ. ಏಪ್ರಿಲಿನಲ್ಲಿ ಬೇಸಿಗೆ ರಜೆ, ಬಿಸಿಲಿಗೂ ಕೊರತೆಯಿಲ್ಲ. ಒಂದಡಿ ಉದ್ದದ ಪಿವಿಸಿ ಪೈಪಿನ ತುಂಡನ್ನು ತಾರಸಿಯ ಮೇಲೆ ನೆಟ್ಟಗೆ ನಿಲ್ಲಿಸಿದರೆ ಸಾಕು. ಗಡಿಯಾರದಲ್ಲಿ ಹನ್ನೆರಡಾದಾಗ ಎರಡು ಬೆರಳಿನಷ್ಟು ನೆರಳು ಪಶ್ಚಿಮಕ್ಕೆ ಬಿದ್ದೇ ಇರುತ್ತದೆ. ಅದು ಪೂರ್ತಿ ಕರಗುವುದು 12 ಗಂಟೆ 24 ನಿಮಿಷದ ಹೊತ್ತಿಗೆ. ಭಾರತದ ಗಡಿಯಾರ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ನಾವಿರುವುದು 76 ಡಿಗ್ರಿಯ ಆಸುಪಾಸು, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹಾಗೆ ಲೆಕ್ಕ ಹಾಕಿದರೆ 26 ನಿಮಿಷ ಬರುತ್ತದೆ, 24 ಅಲ್ಲ. ಆ ಎರಡು ನಿಮಿಷಕ್ಕಾಗಿ ಒಂಬತ್ತನೇ ತರಗತಿಯ ಒಬ್ಬ ನನ್ನ ಬೆನ್ನು ಬಿಡಲಿಲ್ಲ. ಭೂಮಿಯ ಅಕ್ಷದ ಓರೆ, ಕಕ್ಷೆಯ ಅಂಡಾಕಾರ, ಸೂರ್ಯನ ದಿನ ಗಡಿಯಾರದ ದಿನಕ್ಕೆ ಸರಿಹೊಂದದೆ ಇರುವುದು, ಇಷ್ಟನ್ನೂ ಬಿಸಿಲಲ್ಲೇ ನಿಂತು ಹೇಳಿಸಿಕೊಂಡ.

ಇನ್ನು ವಸ್ತುಪ್ರದರ್ಶನದ ಜ್ವಾಲಾಮುಖಿಯ ಬಗ್ಗೆ ಒಂದು ಮಾತು. ಥರ್ಮೋಕೋಲ್ ಗುಡ್ಡ, ಅಡುಗೆ ಸೋಡಾ, ವಿನೆಗರ್, ಕೆಂಪು ಬಣ್ಣ. ಪ್ರತಿ ವರ್ಷ, ಪ್ರತಿ ಶಾಲೆಯಲ್ಲಿ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಅಸಲಿ ಲಾವಾ ಇದೆ, ಯಾರೂ ಮಕ್ಕಳನ್ನು ಕರೆದೊಯ್ಯುವುದಿಲ್ಲ! ಕೋಟ್ಯಂತರ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿ, ತಣಿದು, ದಿಂಬುಗಳನ್ನು ಒಟ್ಟಿದಂತೆ ಗಟ್ಟಿಯಾದ ಆ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಕೋಟೆ ನೋಡಲು ಹೋದ ಪ್ರವಾಸದ ಬಸ್ಸು ಹೆದ್ದಾರಿಯಲ್ಲಿ ಇನ್ನಷ್ಟು ಮುಂದೆ ಹೋದರೆ ಆಯಿತು.

ಇಷ್ಟೆಲ್ಲ ಕೇಳಿದ ಮೇಲೂ "ಏನನ್ನೂ ಕೊಳ್ಳಲೇಬಾರದೇ?" ಎನ್ನುವವರಿದ್ದಾರೆ. ಕೊಳ್ಳಿ, ಆದರೆ ಒಂದೇ ಆಟ ಆಡಿಸುವ ಡಬ್ಬಿಯ ಬದಲು ನೂರು ಕಡೆ ಕೆಲಸಕ್ಕೆ ಬರುವ ಉಪಕರಣ ಕೊಳ್ಳಿ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ಅಳತೆ ಪಟ್ಟಿ, ಕತ್ತರಿ, ವಿದ್ಯುತ್ ಅಳೆಯುವ ಒಂದು ಸಾದಾ ಮಲ್ಟಿಮೀಟರ್. ವಿಜ್ಞಾನಿ ಮನು ಪ್ರಕಾಶ್ ಅವರ ತಂಡ ರೂಪಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕ ಸಿಕ್ಕರೆ ಬಿಡಬೇಡಿ. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಜೇಬಿನಲ್ಲಿ ಹಿಡಿಸುತ್ತದೆ. ಮಿಕ್ಕದ್ದಕ್ಕೆ ಗುಜರಿ ಅಂಗಡಿ ಇದೆ. ಕೆಟ್ಟ ಸ್ಪೀಕರಿನಲ್ಲಿ ಅಯಸ್ಕಾಂತ, ಹಳೆಯ ಆಟಿಕೆಯಲ್ಲಿ ಮೋಟರ್. ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ಚೂರುಗಳಲ್ಲೇ ಮಕ್ಕಳಿಗೆ ರೇಖಾಗಣಿತ ಕಲಿಸಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಭೂತಗನ್ನಡಿಯನ್ನು ಮಾತ್ರ ಜಾತ್ರೆಯ ಪ್ಲಾಸ್ಟಿಕ್ಕಿನದು ತರಬೇಡಿ. ಎರಡನೇ ವಾರಕ್ಕೆ ಗೀರು ಬಿದ್ದು ಇರುವೆಯ ಕಾಲೂ ಕಾಣುವುದಿಲ್ಲ. ಗಾಜಿನದು, ಸ್ಟೇಷನರಿ ಅಂಗಡಿಯಲ್ಲಿ ಕೇಳಿ, ಸಿಗುತ್ತದೆ.